ಎಡಿಎಚ್‌ಡಿ ಇರುವ ಮಗನಿಗೆ ನಾಯಿ ತಂದರೆ ಜವಾಬ್ದಾರಿ ಬರುತ್ತದಾ?

ಎಂಟು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಹೆಚ್ಚಿರುವ ಸಮಸ್ಯೆ) ಇದೆ, ನಾಯಿಮರಿ ತಂದುಕೊಟ್ಟರೆ ಜವಾಬ್ದಾರಿ ಕಲಿಯುತ್ತಾನಾ ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಎಡಿಎಚ್‌ಡಿ ಇದೆ, ಮನೆಯಲ್ಲಿ ನಾಯಿಯೂ ಇದೆ. ನಾಯಿ ಬೇಕು ಅಂತ ನಿಮಗೇ ಅನ್ನಿಸಿದ್ದರೆ ತನ್ನಿ. ಬರೀ ಮಗನಿಗೆ ಪಾಠವಾಗಲಿ ಅಂತ ಆದರೆ ಬೇಡ.

ಈ ಮಕ್ಕಳಿಗೆ ಪ್ರೀತಿಗೇನೂ ಕೊರತೆ ಇಲ್ಲ. ನಾಯಿಗೆ ಊಟ ಹಾಕಬೇಕು ಅಂತ ಚೆನ್ನಾಗಿ ಗೊತ್ತಿರುತ್ತದೆ, ಹೊತ್ತಿಗೆ ಸರಿಯಾಗಿ ನೆನಪಾಗುವುದಿಲ್ಲ, ಅಷ್ಟೇ. ಅದಕ್ಕೆ ದಿನಾ ಬೈಸಿಕೊಂಡರೆ ನಾಯಿಯೂ ಇನ್ನೊಂದು ಹೋಂವರ್ಕ್ ಆಗಿಬಿಡುತ್ತದೆ.

ನಮ್ಮಲ್ಲಿ ಮಗಳ ಪಾಲಿಗೆ ಒಂದೇ ಕೆಲಸ, ನೀರಿನ ಬಟ್ಟಲು ತುಂಬಿಸುವುದು. ಬಟ್ಟಲನ್ನು ಅವಳು ಹಲ್ಲುಜ್ಜುವ ಜಾಗದಲ್ಲೇ ಇಟ್ಟಿದ್ದೇವೆ. ಬ್ರಷ್ ತೆಗೆಯಲು ಹೋದರೆ ಕಾಲಿಗೆ ತಾಗುತ್ತದೆ. ತುಂಬಿಸಿದ ತಕ್ಷಣ ನಾಯಿ ಬಂದು ಲೊಚಲೊಚ ಕುಡಿಯುತ್ತದೆ, ಅವಳಿಗೆ ಅಲ್ಲೇ ಖುಷಿ. (ಗೋಡೆಯ ಮೇಲಿನ ಸ್ಟಿಕ್ಕರ್ ಚಾರ್ಟ್ ಅವಳ ಕಣ್ಣಿಗೆ ಬಿದ್ದದ್ದೇ ಇಲ್ಲ, ಆ ಮಾತು ಬೇರೆ.) ಮರೆತ ದಿನ ಸುಮ್ನೆ ನಾನೇ ತುಂಬಿಸುತ್ತೇನೆ. ಮಗುವಿಗೆ ಬುದ್ಧಿ ಕಲಿಸಲು ನಾಯಿ ಯಾಕೆ ಬಾಯಾರಬೇಕು, ಅಲ್ವಾ?

ನಾಯಿಯಿಂದ ಉಪಯೋಗವೇ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನವರು ಎಡಿಎಚ್‌ಡಿ ಇರುವ 7ರಿಂದ 9 ವರ್ಷದ ಮಕ್ಕಳಿಗೆ 12 ವಾರ ತರಬೇತಿ ಕೊಟ್ಟು ನೋಡಿದ್ದರು. ನಾಯಿಗಳಿಲ್ಲದೆ ಕಲಿತವರಿಗಿಂತ ನಾಯಿಗಳ ಜೊತೆ ಕಲಿತ ಮಕ್ಕಳಲ್ಲಿ ಗಮನ ಜಾಸ್ತಿ ಸುಧಾರಿಸಿತು. ಚಡಪಡಿಕೆ, ದುಡುಕಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವು ಪಳಗಿದ ಥೆರಪಿ ನಾಯಿಗಳು, ಚಪ್ಪಲಿ ಕಡಿಯುವ ಮರಿಗಳಲ್ಲ.

ಅದಕ್ಕೇ ಮರಿಗಿಂತ ಬೆಳೆದ, ತಣ್ಣಗಿನ ಸ್ವಭಾವದ ನಾಯಿ ವಾಸಿ. ಮರಿಯೂ ಕುಣಿಯುತ್ತದೆ, ಮಗುವೂ ಕುಣಿಯುತ್ತದೆ, ನಿಲ್ಲಿಸುವವರು ಯಾರು? ನಿಮ್ಮ ಮಗ ಓಡಿಬಂದು ಕುತ್ತಿಗೆ ತಬ್ಬಿಕೊಳ್ಳಬಹುದು, ತಟ್ಟೆಗೆ ಕೈ ಹಾಕಬಹುದು. ನಾಯಿ ಮುಖ ಆಚೆ ತಿರುಗಿಸಿದರೆ, ಸುಮ್ಮಸುಮ್ಮನೆ ತುಟಿ ನೆಕ್ಕಿಕೊಂಡರೆ, ಮೈ ಬಿಗಿಹಿಡಿದರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ. ಇದನ್ನು ಗಮನಿಸಬೇಕಾದವರು ನೀವು. ಇಬ್ಬರನ್ನೇ ಬಿಟ್ಟು ಹೋಗಬೇಡಿ.

ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಕೇಳುತ್ತೇನೆ. ಎಡಿಎಚ್‌ಡಿ ಬಹಳ ಸಲ ಮನೆತನದಲ್ಲೇ ಬರುತ್ತದೆ, ಅಪ್ಪನಿಗೋ ಅಮ್ಮನಿಗೋ ಇರುವುದು ಅಪರೂಪವಲ್ಲ. ಹತ್ತು ಹನ್ನೆರಡು ವರ್ಷ ವಾಕಿಂಗ್, ಲಸಿಕೆ ನೆನಪಿಡುವವರು ನಿಮ್ಮಲ್ಲಿ ಯಾರು? ಕಷ್ಟ ಅನ್ನಿಸಿದರೆ ಬೆಕ್ಕು ನೋಡಿ. ಮೀನು ಸುಲಭ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಹಾಕಿದ್ದು ಮರೆತು ಮತ್ತೆ ಮತ್ತೆ ಕಾಳು ಹಾಕಿದರೆ ಅದು ಕೊಳೆತು ನೀರು ಕೆಡುತ್ತದೆ, ಮೀನು ಸಾಯುತ್ತವೆ. ತರಲೇಬೇಕಿದ್ದರೆ ವಾರದ ಮಾತ್ರೆ ಡಬ್ಬಿಯಲ್ಲಿ ಒಂದೊಂದು ದಿನದ ಕಾಳು ಅಳೆದಿಡಿ. ಗೂಡು ಖಾಲಿ ಇದ್ದರೆ ಇವತ್ತಿನದು ಆಯಿತು.

ಮಾತ್ರೆ ಅಂದಾಗ ನೆನಪಾಯಿತು. ಮಗ ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಥರದ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದು ನಾಯಿಗೂ ಬೆಕ್ಕಿಗೂ ವಿಷ. ಎದುರಿಗೇ ನಿಂತು ನುಂಗಿಸಿ, ಡಬ್ಬಿಯನ್ನು ಎತ್ತರದಲ್ಲಿಡಿ. ನಾಯಿ ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ, ಡಬ್ಬಿ ಜೊತೆಗೇ ಒಯ್ಯಿರಿ.