ಅವ್ವನ ಸಂಕಟ ಮಗಳಿಗೆ ಗೊತ್ತಾಗುವುದು ಕ್ವಾಂಟಮ್‌ನಿಂದಲಾ?

ಪ್ರಶ್ನೆ: ನಾನಿರುವುದು ಮೈಸೂರಿನಲ್ಲಿ, ಅವ್ವ ಇರುವುದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ. ಅವರಿಗೆ ಹುಷಾರು ತಪ್ಪಿದಾಗ ನನಗೆ ಮೊದಲೇ ತಳಮಳ ಶುರುವಾಗುತ್ತದೆ. ಫೋನ್ ಮಾಡಿದರೆ ನಿಜವಾಗಿರುತ್ತದೆ. ‘ಇದು ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್, ಆತ್ಮಗಳ ನಂಟು. ಇದಕ್ಕೆ ನೊಬೆಲ್ ಕೂಡ ಬಂದಿದೆ’ ಎಂದು ಧ್ಯಾನ ಶಿಬಿರವೊಂದರಲ್ಲಿ ಹೇಳಿದರು. ಹೌದಾ?

ಉತ್ತರ: ನೊಬೆಲ್ ಬಂದಿರುವುದು ನಿಜ. 2022ರಲ್ಲಿ ಭೌತವಿಜ್ಞಾನಿಗಳಾದ ಅಲೆನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಸೈಲಿಂಗರ್ ಅವರಿಗೆ ಬಂತು. ಆದರೆ ಅದು ಬಂದಿದ್ದು ಬೆಳಕಿನ ಕಣಗಳ, ಅಂದರೆ ಫೋಟಾನ್‌ಗಳ ಪ್ರಯೋಗಗಳಿಗೆ. ಮನುಷ್ಯರ ಮನಸ್ಸಿನ ಮಾತು ಅಲ್ಲಿ ಬರುವುದೇ ಇಲ್ಲ.

ಈಗ ಇಂಥ ಪ್ರಯೋಗ ಮಾಡುವಾಗ ಒಂದು ಬಗೆಯ ಹರಳಿಗೆ ಲೇಸರ್ ಹಾಯಿಸುತ್ತಾರೆ. ಅಪರೂಪಕ್ಕೆ ಒಂದು ಫೋಟಾನ್ ಹೋಗಿ ಎರಡಾಗುತ್ತದೆ. ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಕಳಿಸಿ, ಎರಡೂ ಕಡೆ ಪೋಲರೈಸರ್, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಜರಡಿ, ಇಟ್ಟು ನೋಡುತ್ತಾರೆ. ಈ ಕಡೆಯವರಿಗೆ ಸಿಗುವುದು ‘ದಾಟಿತು, ದಾಟಲಿಲ್ಲ’ ಎಂಬ ಗೊತ್ತುಗುರಿಯಿಲ್ಲದ ಪಟ್ಟಿ. ಆ ಕಡೆಯೂ ಅಷ್ಟೇ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಹೊಂದಾಣಿಕೆ ಕಾಣುತ್ತದೆ. ಜೋಡಿ ಕಣಗಳ ಈ ಹೆಣಿಗೆಯೇ ಎಂಟ್ಯಾಂಗಲ್‌ಮೆಂಟ್.

ಒಂದು ಜೊತೆ ಚಪ್ಪಲಿಯಲ್ಲಿ ಒಂದು ಮೈಸೂರಲ್ಲಿ, ಇನ್ನೊಂದು ಮಂಡ್ಯದಲ್ಲಿ ಇದೆ ಅನ್ನಿ. ಇಲ್ಲಿರುವುದು ಎಡಗಾಲಿನದಾದರೆ ಅಲ್ಲಿರುವುದು ಬಲಗಾಲಿನದೇ, ಅಲ್ವಾ? ಕಣಗಳ ಗುಣವೂ ಹೀಗೆ ಮೊದಲೇ ತೀರ್ಮಾನವಾಗಿರುತ್ತದೆ ಎಂದು ಐನ್‌ಸ್ಟೀನ್ ನಂಬಿದ್ದರು. ಅದನ್ನು ಪರೀಕ್ಷಿಸುವ ದಾರಿಯನ್ನು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ತೋರಿಸಿದರು. ಪ್ರಯೋಗ ಮಾಡಿದಾಗ ಸಿಕ್ಕ ಹೊಂದಾಣಿಕೆ ಈ ಚಪ್ಪಲಿ ಲೆಕ್ಕಕ್ಕಿಂತ ಜಾಸ್ತಿ! 2017ರಲ್ಲಿ ಚೀನಾದವರು ಉಪಗ್ರಹದಿಂದ ಜೋಡಿ ಫೋಟಾನ್ ಕಳಿಸಿ, ಸುಮಾರು 1,200 ಕಿ.ಮೀ. ದೂರದಲ್ಲಿರುವ ಎರಡು ಊರುಗಳ ನಡುವೆ ಇದನ್ನೇ ಕಂಡರು. ಎಷ್ಟು ಸಲ ಪಾಠ ಮಾಡಿದರೂ ನನಗೆ ಈ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ.

ಆದರೆ ಇದರಿಂದ ಸುದ್ದಿ ಕಳಿಸಲು ಬರುವುದಿಲ್ಲ. ಆ ಕಡೆ ಏನೇ ಮಾಡಲಿ, ಈ ಕಡೆಯ ಪಟ್ಟಿಯನ್ನಷ್ಟೇ ನೋಡಿದರೆ ಏನೂ ತಿಳಿಯದು. ‘ಅವ್ವನಿಗೆ ಹುಷಾರಿಲ್ಲ’ ಎನ್ನುವುದು ಒಂದು ಸುದ್ದಿ ತಾನೇ? ಶಿಬಿರದವರ ಮಾತು ಬಿದ್ದುಹೋಗುವುದು ಇಲ್ಲೇ. ಜೊತೆಗೆ ಈ ಹೆಣಿಗೆ ಬಹಳ ನಾಜೂಕು. ನಮ್ಮ ಮೈ 37 ಡಿಗ್ರಿ ಬಿಸಿ, ಒಳಗೆಲ್ಲ ನೀರು, ಅಣುಗಳ ನೂಕುನುಗ್ಗಲು. ಇಬ್ಬರು ಮನುಷ್ಯರ ನಡುವೆ ಅದು ಉಳಿಯುವ ಮಾತೇ ಇಲ್ಲ.

ಭೌತವಿಜ್ಞಾನಿ ಶ್ರೋಡಿಂಗರ್ ಹೆಸರನ್ನೂ ಶಿಬಿರದಲ್ಲಿ ಹೇಳಿರಬಹುದು. ಎಂಟ್ಯಾಂಗಲ್‌ಮೆಂಟ್ ಎಂದು ಹೆಸರಿಟ್ಟವರು ಅವರೇ, 1935ರಲ್ಲಿ. ವೇದಾಂತವನ್ನು ಮನಸಾರೆ ಮೆಚ್ಚಿದ್ದವರು. ಅದನ್ನು ತಮ್ಮ ತತ್ವಚಿಂತನೆಯಾಗಿ ಬರೆದರೇ ಹೊರತು ಪ್ರಯೋಗದ ಫಲ ಎನ್ನಲಿಲ್ಲ.

ಹಾಗಂತ ನಿಮ್ಮ ತಳಮಳ ಸುಳ್ಳಲ್ಲ. ಹಿಂದಿನ ದಿನದ ಫೋನಿನಲ್ಲಿ ಅವ್ವನ ದನಿ ಸ್ವಲ್ಪ ಕುಗ್ಗಿರುತ್ತದೆ, ಊಟದ ಮಾತು ಹಾರಿಸಿರುತ್ತಾರೆ. ನೀವು ಗಮನಿಸದಿದ್ದರೂ ಮನಸ್ಸು ಹಿಡಿದಿಟ್ಟಿರುತ್ತದೆ. ಇನ್ನೊಂದು, ತಳಮಳವಾಗಿಯೂ ಅವ್ವ ಆರಾಮಾಗಿದ್ದ ದಿನಗಳು ನೆನಪಲ್ಲಿ ಉಳಿಯುವುದಿಲ್ಲ. ಬೇಕಾದರೆ ಒಂದು ನೋಟ್‌ಬುಕ್ ಇಡಿ. ತಳಮಳ ಬಂದ ಕೂಡಲೇ, ಫೋನ್ ಮಾಡುವ ಮುಂಚೆಯೇ, ದಿನ ಮತ್ತು ಹೊತ್ತು ಬರೆಯಿರಿ. ಆಮೇಲೆ ಅವ್ವ ಹೇಗಿದ್ದರು ಎಂದು ಬರೆಯಿರಿ. ತಳಮಳವೇ ಇಲ್ಲದೆ ಅವರಿಗೆ ಹುಷಾರು ತಪ್ಪಿದ ದಿನಗಳನ್ನೂ ಸೇರಿಸಿ. ಆರು ತಿಂಗಳು ಬಿಟ್ಟು ಎಣಿಸಿ ನೋಡಿ. ಫೋನ್ ಮಾಡುವುದನ್ನು ಮಾತ್ರ ಬಿಡಬೇಡಿ. ಮುಂದಿನ ಸಲ ಊರಿಗೆ ಹೋದಾಗ ಅವ್ವನ ಬಿಪಿ, ಶುಗರ್ ಒಮ್ಮೆ ನೋಡಿಸಿ.