ಎಲ್ಲಕ್ಕೂ ‘ಪ್ರಾರ್ಥನಾ ಮಂದಿರ’ ಎಂದರೆ ಸಾಲದೇ?

ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಕೊಚ್ಚಿಯ ಸಿನಗಾಗ್‌ನ ಚಿತ್ರದ ಕೆಳಗೆ “ಯಹೂದಿಗಳ ಚರ್ಚ್” ಎಂದು ಅಚ್ಚಾಗಿದೆ. ಅದೇ ಲೇಖನದಲ್ಲಿ ದರ್ಗಾವೊಂದು ಮಸೀದಿಯಾಗಿದೆ. ಇಷ್ಟು ಗೊಂದಲ ಏಕೆ? ಎಲ್ಲಕ್ಕೂ “ಪ್ರಾರ್ಥನಾ ಮಂದಿರ” ಎಂದು ಬರೆದರೆ ತಪ್ಪೇ ಆಗುವುದಿಲ್ಲವಲ್ಲ?’

ಸಂಪಾದಕರ ಉತ್ತರ: ಎರಡೂ ತಪ್ಪು ನಮ್ಮವೇ. ಅಚ್ಚಿಗೆ ಹೋಗುವ ಮುನ್ನ ಆ ಪುಟವನ್ನು ನಾನೇ ನೋಡಿದ್ದೆ. ಕ್ಷಮೆ ಇರಲಿ. ಆದರೆ ತಾವು ಸೂಚಿಸಿರುವ ಪರಿಹಾರವನ್ನು ಒಪ್ಪಲಾರೆ.

ಈ ಕಟ್ಟಡಗಳ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡಿ. ‘ಮಸೀದಿ’ ಅರಬ್ಬಿಯ ‘ಮಸ್ಜಿದ್’ನಿಂದ ಬಂದದ್ದು, ಹಣೆಯನ್ನು ನೆಲಕ್ಕೆ ಮುಟ್ಟಿಸಿ ಮಣಿಯುವ ಜಾಗ ಎಂದು ಅರ್ಥ. ‘ದರ್ಗಾ’ ಪಾರಸಿ ಮಾತು, ಅರಸನ ಆಸ್ಥಾನವನ್ನೂ ಅದರ ಹೊಸ್ತಿಲನ್ನೂ ಸೂಚಿಸುತ್ತಿತ್ತು. ಸೂಫಿ ಸಂತನ ಸಮಾಧಿ ಇರುವ ಸ್ಥಳಕ್ಕೆ ಆ ಹೆಸರು ನಿಂತಿತು. ದರ್ಗಾದ ಆವರಣದಲ್ಲಿಯೇ ಎಷ್ಟೋ ಕಡೆ ಮಸೀದಿಯೂ ಇರುವುದರಿಂದ ನಮ್ಮ ಲೇಖಕರು ಎಡವಿದರು. ಒಂದು ಕಡೆ ಜನ ಸಮಾಧಿಯ ಮುಂದೆ ನಿಲ್ಲುತ್ತಾರೆ, ಇನ್ನೊಂದು ಕಡೆ ಮೆಕ್ಕಾದ ದಿಕ್ಕಿಗೆ ಸಾಲಾಗಿ ನಿಲ್ಲುತ್ತಾರೆ. ಹೆಸರು ಅದಲುಬದಲಾದರೆ ಈ ವ್ಯತ್ಯಾಸವೇ ಮಾಯವಾಗುತ್ತದೆ.

ಕ್ರೈಸ್ತರ ಗುಡಿಗೆ ಕನ್ನಡದಲ್ಲಿ ಎರಡು ಮಾತುಗಳಿವೆ. ‘ಇಗರ್ಜಿ’ ಪೋರ್ಚುಗೀಸರಿಂದ ಬಂತು. ಅದರ ಬೇರು ‘ಸಭೆ’ ಎಂಬ ಅರ್ಥದ ಗ್ರೀಕ್ ಪದದಲ್ಲಿದೆ. ‘ಚರ್ಚ್’ನ ಬೇರೂ ಗ್ರೀಕ್ ಭಾಷೆಯದೇ, ಆದರೆ ಅರ್ಥ ‘ಪ್ರಭುವಿಗೆ ಸೇರಿದ್ದು’ ಎಂದು. ಒಂದೇ ಕಟ್ಟಡವನ್ನು ಒಂದು ಹೆಸರು ಜನರ ಕಡೆಯಿಂದ ನೋಡುತ್ತದೆ, ಇನ್ನೊಂದು ದೇವರ ಕಡೆಯಿಂದ. ನನಗಂತೂ ಇದು ಬಲು ಇಷ್ಟವಾದ ಜೋಡಿ. ‘ಸಿನಗಾಗ್’ ಎಂದರೂ ಒಟ್ಟುಗೂಡುವುದು ಎಂದೇ ಅರ್ಥ. ಹೀಬ್ರೂ ಭಾಷೆಯಲ್ಲಿ ಅದು ‘ಬೇತ್ ಕ್ನೆಸೆತ್’, ಸೇರುವ ಮನೆ.

‘ಕೆಥೆಡ್ರಲ್’ ಬಗ್ಗೆಯೂ ಹೇಳಬೇಕು, ಏಕೆಂದರೆ ದೊಡ್ಡ ಚರ್ಚ್ ಕಂಡಲ್ಲೆಲ್ಲ ಪತ್ರಿಕೆಗಳು ಈ ಪದವನ್ನು ಅಂಟಿಸುತ್ತವೆ. ಅದರ ಮೂಲದಲ್ಲಿರುವುದು ಕುರ್ಚಿ. ಬಿಷಪ್ ಕೂರುವ ಪೀಠ ಎಲ್ಲಿದೆಯೋ ಅದು ಕೆಥೆಡ್ರಲ್, ಗಾತ್ರ ಎಷ್ಟೇ ಇರಲಿ. ವ್ಯಾಟಿಕನ್ನಿನ ಸಂತ ಪೀಟರರ ಬೆಸಿಲಿಕಾ ಅಷ್ಟು ಭವ್ಯವಾಗಿದ್ದರೂ ಕೆಥೆಡ್ರಲ್ ಅಲ್ಲ. ರೋಮಿನ ಬಿಷಪ್ ಆಗಿ ಪೋಪರ ಪೀಠವಿರುವುದು ಅದೇ ನಗರದ ಸಂತ ಜಾನ್ ಲ್ಯಾಟರನ್ ಚರ್ಚಿನಲ್ಲಿ.

ನಮ್ಮ ಹಳೆಯ ಮಾತುಗಳೂ ಹೀಗೆಯೇ. ‘ದೇವಕುಲ’ ಸವೆದು ‘ದೇಗುಲ’ವಾಯಿತು; ‘ವಸತಿ’ ‘ಬಸದಿ’ಯಾಗಿ ಜೈನರದಾಯಿತು. ‘ಜೈನ ದೇವಾಲಯ’ ಎಂದು ಬರೆಯುವವರ ಮೇಲೆ ನನಗೆ ಕೋಪವಿಲ್ಲ, ಆದರೆ ಅಷ್ಟು ಚೆಂದದ ಪದ ಕೈಯಲ್ಲಿರುವಾಗ ಅದನ್ನೇಕೆ ಬಿಡಬೇಕು?

ಇನ್ನು ತಮ್ಮ ‘ಪ್ರಾರ್ಥನಾ ಮಂದಿರ’. ಸಂಸ್ಕೃತದಲ್ಲಿ ‘ಮಂದಿರ’ ಎಂದರೆ ಮನೆ. ಸಾಂಚಿಯ ಮಹಾಸ್ತೂಪವನ್ನು ನೆನಪಿಸಿಕೊಳ್ಳಿ. ಅದು ಒಳಗೆಲ್ಲ ತುಂಬಿದ ಗಟ್ಟಿ ಗುಮ್ಮಟ. ಸುತ್ತಲಿನ ಕಲ್ಲಿನ ಬೇಲಿಗೆ ತೋರಣಗಳಿವೆ, ಸ್ತೂಪದೊಳಕ್ಕೆ ಹೋಗಲು ಬಾಗಿಲೇ ಇಲ್ಲ. ಭಕ್ತರು ಅದನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುತ್ತಾರೆ. ಒಳಗೆ ಹೆಜ್ಜೆ ಇಡಲಾಗದ್ದನ್ನು ಮನೆ ಎನ್ನುವುದು ಹೇಗೆ? ಇತ್ತ ಅಮೃತಸರದ ಹರಿಮಂದಿರ ಸಾಹಿಬ್‌ನ ಹೆಸರಿನಲ್ಲಿಯೇ ‘ಮಂದಿರ’ವಿದೆ, ಆದರೂ ಅದು ಸಿಖ್ಖರ ಗುರುದ್ವಾರ. ಅಲ್ಲಿ ಮೂರ್ತಿಯಿಲ್ಲ, ಗುರುವಿನ ಸ್ಥಾನದಲ್ಲಿ ಗ್ರಂಥವಿದೆ. ರಾತ್ರಿ ಆ ಗ್ರಂಥವನ್ನು ಪಲ್ಲಕ್ಕಿಯಲ್ಲಿ ಅದೇ ಆವರಣದ ಅಕಾಲ್ ತಖ್ತ್ ಎಂಬ ಕಟ್ಟಡಕ್ಕೆ ಒಯ್ದು ವಿಶ್ರಾಂತಿಗೆ ಇಡುತ್ತಾರೆ.

ಕೆಲವೊಮ್ಮೆ ಯಾವ ಪದ ಎಂಬುದನ್ನು ಇಸವಿಯೇ ತೀರ್ಮಾನಿಸುತ್ತದೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ 537ರಲ್ಲಿ ಚರ್ಚ್, 1453ರ ನಂತರ ಮಸೀದಿ, 1935ರಿಂದ ವಸ್ತುಸಂಗ್ರಹಾಲಯ, 2020ರಿಂದ ಮತ್ತೆ ಮಸೀದಿ. ಅದರ ಬಗ್ಗೆ ಬರೆಯುವವರಿಗೆ ನಾನು ಹೇಳುವುದಿಷ್ಟೇ: ಯಾವ ಕಾಲದ ಮಾತೋ ಆ ಕಾಲದ ಹೆಸರನ್ನು ಬಳಸಿ.

ತಿದ್ದುಪಡಿ: ಕಳೆದ ಸಂಚಿಕೆಯ ಚಿತ್ರದ ಕೆಳಗಿನ ಸಾಲನ್ನು ‘1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಶಿ ಸಿನಗಾಗ್, ನೆಲಕ್ಕೆ ಹಾಸಿರುವುದು ಚೀನಾದಿಂದ ಬಂದ ನೀಲಿ ಬಿಳಿ ಹೆಂಚುಗಳು’ ಎಂದು ಓದಿಕೊಳ್ಳಬೇಕು.