ಕೊಟ್ಟವರನ್ನು ಕೇಳುವುದು ಹೇಗೆ?

ಪ್ರಿಯ ಮಾಸ್ತರರೇ,

ಕಾಸರಗೋಡಿನ ಪೆರ್ಲದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಕಂಪನಿಯೊಂದು ನಿಮ್ಮ ಶಾಲೆಗೆ ಆರು ಕಂಪ್ಯೂಟರ್ ಕೊಟ್ಟ ದಿನ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು, ಕಂಪನಿಯ ಅಧಿಕಾರಿಯನ್ನು ವೇದಿಕೆಯಲ್ಲಿ ‘ಕೊಡುಗೈ ದಾನಿ’ ಎಂದು ಹೊಗಳಿದರು. ಈಗ ನಾಲ್ಕು ಕಂಪ್ಯೂಟರ್ ಕೆಟ್ಟು ಕುಳಿತಿವೆ. ದುರಸ್ತಿಗೆ ಅವರನ್ನೇ ಕೇಳೋಣ ಎಂದು ನೀವು ಸಭೆಯಲ್ಲಿ ಹೇಳಿದಾಗ, ‘ಕೊಟ್ಟವರನ್ನೇ ಮತ್ತೆ ಕೇಳುವುದೇ?’ ಎಂದು ಬಾಯಿ ಮುಚ್ಚಿಸಿದರು. ಉದ್ಯಮಿಗಳು ಆಡುವ ಭಾಷೆಯೇ ಸಾಮಾಜಿಕ ಹೊಣೆಯ ಕುರಿತ ಅವರ ನೋಟವನ್ನು ರೂಪಿಸುತ್ತದೆ ಎಂದು ಎಲ್ಲೋ ಓದಿದ್ದೀರಿ. ಅದು ನಿಜವೇ ಎಂಬುದು ನಿಮ್ಮ ಪ್ರಶ್ನೆ.

ಆ ವಾದ ಹುಟ್ಟಿದ್ದು ವ್ಯಾಕರಣದಿಂದ. ನಾಳೆಯ ಮಾತಿಗೆ ಬೇರೆಯೇ ಕ್ರಿಯಾರೂಪ ಬೇಡುವ ಭಾಷೆಯವರಿಗೆ ನಾಳೆ ದೂರವಾಗಿ ಕಾಣುತ್ತದೆ, ಹಾಗಾಗಿ ಅವರು ಉಳಿತಾಯ ಮಾಡುವುದು ಕಡಿಮೆ ಎಂದು ಅರ್ಥಶಾಸ್ತ್ರಜ್ಞ ಕೀತ್ ಚೆನ್ 2013ರಲ್ಲಿ ಬರೆದರು. ಹಾವೊ ಲಿಯಾಂಗ್ ಮತ್ತು ಸಂಗಡಿಗರು ಅದೇ ಅಳತೆಗೋಲನ್ನು ಕಂಪನಿಗಳಿಗೆ ಹಿಡಿದರು. ಸಾಮಾಜಿಕ ಹೊಣೆಗೆ ಖರ್ಚು ಇಂದು, ಫಲ ನಾಳೆ. ನಾಳೆಗೆ ಬೇರೆ ರೂಪ ಇರುವ ಭಾಷೆಯ ಕಂಪನಿಗಳು ಅದರಲ್ಲಿ ಹಿಂದೆ ಎಂಬುದು ಅವರ ತೀರ್ಮಾನ. ಆದರೆ ಚೆನ್ ಅವರೇ ಇಬ್ಬರು ಭಾಷಾ ಸಂಶೋಧಕರ ಜೊತೆ ಸೇರಿ 2015ರಲ್ಲಿ ಮರುಪರೀಕ್ಷೆ ಮಾಡಿದಾಗ, ಭಾಷೆಗಳ ನಡುವಿನ ನಂಟುತನವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿತಾಯದ ಆ ಸಂಬಂಧ ಸಡಿಲಾಯಿತು.

ನಮ್ಮ ಕಾಸರಗೋಡಿನಲ್ಲಿ ನಿಂತು ನೋಡಿದರೆ ನನಗೂ ಆ ವ್ಯಾಕರಣದ ವಾದ ನಂಬಿಕೆ ಹುಟ್ಟಿಸುವುದಿಲ್ಲ. ಕನ್ನಡದಲ್ಲಿ ‘ದಿನಾ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎರಡಕ್ಕೂ ರೂಪ ಒಂದೇ. ಮಲಯಾಳದಲ್ಲಿ ಈಗ ಬರುವುದು ‘ವರುನ್ನು’, ನಾಳೆ ಬರುವುದು ‘ವರುಂ’. ಇಲ್ಲಿನ ವ್ಯಾಪಾರಿ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ದೇವಸ್ಥಾನದ ಸಭೆಯಲ್ಲಿ ಕನ್ನಡ ಆಡುತ್ತಾನೆ. ಅವನ ನಾಳೆಯ ಕಾಳಜಿ ದಿನಕ್ಕೆ ಮೂರು ಸಲ ಬದಲಾಗುವುದಿಲ್ಲ.

ಆದರೆ ವ್ಯಾಕರಣ ಮಾಡದ ಕೆಲಸವನ್ನು ಪದ ಮಾಡುತ್ತದೆ. ಕಣ್ಣೆದುರಿನ ಪದವನ್ನೇ ತೆಗೆದುಕೊಳ್ಳಿ: ಮದ್ದು. ಮಳೆ ಬಿಡುವು ಕೊಟ್ಟ ದಿನ ನೋಡಿ ಅಡಿಕೆಗೆ ಮದ್ದು ಬಿಡುವವರು ತೋಟಕ್ಕೆ ಬರುತ್ತಿದ್ದರು. ಮೈಲುತುತ್ತು, ಸುಣ್ಣ ಕಲಸಿದ ಡ್ರಮ್ಮಿನ ಬಳಿ ಆಡುತ್ತಿದ್ದ ನಮ್ಮ ಅಂಗಿಯ ಮೇಲೆಲ್ಲ ನೀಲಿ ಕಲೆ. ಅಮ್ಮ ಜ್ವರಕ್ಕೆ ಕುಡಿಸುತ್ತಿದ್ದುದೂ ಮದ್ದೇ. ಮಲಯಾಳದ ‘ಮರುನ್ನ್’ ಕೂಡ ಹಾಗೆಯೇ ಎರಡಕ್ಕೂ ಸಲ್ಲುತ್ತದೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಕೆಳಗಿದ್ದವರು ಅದನ್ನು ಕರೆದದ್ದು ಮದ್ದು ಎಂದೇ. ಮದ್ದು ಎಂದ ಮೇಲೆ ಬಾವಿಗೆ ಮುಚ್ಚಳ ಹಾಕಬೇಕು ಎಂದು ಎಷ್ಟು ಜನಕ್ಕೆ ಹೊಳೆದೀತು? ಅದಕ್ಕೆ ‘ವಿಷ’ ಎಂಬ ಹೆಸರು ನಿಲ್ಲುವ ಹೊತ್ತಿಗೆ ಎಣ್ಮಕಜೆ, ಪಡ್ರೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು. ನೀವು ಅದೇ ಎಣ್ಮಕಜೆ ಪಂಚಾಯತಿನವರು, ನಾನು ಹೆಚ್ಚು ಹೇಳಬೇಕಿಲ್ಲ.

‘ದಾನ’ವೂ ಅಂಥದೇ ಪದ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ಕಲಿತ ಊರು ಕೆಟ್ಟ ಕಂಪ್ಯೂಟರಿನ ಬಗ್ಗೆ ಹೇಗೆ ತುಟಿ ಬಿಚ್ಚುತ್ತದೆ? ಹಾಗೆ ಕರೆಸಿಕೊಂಡ ಉದ್ಯಮಿಗೂ ತಾನು ಪುಣ್ಯದ ಕೆಲಸ ಮಾಡಿದೆ, ಅಲ್ಲಿಗೆ ಮುಗಿಯಿತು ಎಂದೇ ಅನಿಸುತ್ತದೆ. ‘ಹೊಣೆ’ ಹಾಗಲ್ಲ. ಹೊಣೆ ನಿಂತವನೆಂದರೆ ಜಾಮೀನು ನಿಂತವನು. ಮಾತು ತಪ್ಪಿದರೆ ಅವನ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಜವಾಬ್ದಾರಿಯಲ್ಲಿ ಜವಾಬು ಇದೆ, ಮಲಯಾಳದ ‘ಉತ್ತರವಾದಿತ್ತಂ’ನಲ್ಲಿ ಉತ್ತರ ಇದೆ. ನಮ್ಮ ಮೂರೂ ಪದಗಳು ಪ್ರಶ್ನೆಗೆ ಜಾಗ ಇಟ್ಟಿವೆ. ಅವನ್ನು ಬಿಟ್ಟು ನಾವು ವೇದಿಕೆಗೆ ದಾನವನ್ನು ಕರೆತರುತ್ತಿದ್ದೇವೆ. ನಮ್ಮ ಪತ್ರಿಕೆಯೂ ಎಷ್ಟೋ ಸಲ ‘ಉದಾರ ಕೊಡುಗೆ’ ಎಂದು ತಲೆಬರಹ ಕೊಟ್ಟಿದೆ. ಅದು ತಪ್ಪು. ಇನ್ನು ಮುಂದೆ ಕೊಡುವುದಿಲ್ಲ.

ಕಾನೂನೂ ಇದನ್ನು ದಾನ ಎನ್ನುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಒಂದು ವರ್ಷದಲ್ಲಿ 5 ಕೋಟಿ ರೂಪಾಯಿ ನಿವ್ವಳ ಲಾಭ, 1,000 ಕೋಟಿ ವಹಿವಾಟು, 500 ಕೋಟಿ ನಿವ್ವಳ ಸಂಪತ್ತು ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಶೇಕಡಾವನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ತಾನು ಕೆಲಸ ನಡೆಸುವ ಊರಿಗೆ ಆದ್ಯತೆ ಕೊಡಬೇಕು. ಕೈಗೊಂಡ ಯೋಜನೆಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು.

ಹಾಗಾಗಿ, ಮಾಸ್ತರರೇ, ಆ ಕಂಪನಿಯ ವಾರ್ಷಿಕ ವರದಿಯಲ್ಲಿ ನಿಮ್ಮ ಶಾಲೆಯ ಹೆಸರು ಇದೆಯೇ, ಎದುರಿಗೆ ಬರೆದ ಮೊತ್ತ ಎಷ್ಟು ಎಂದು ನೋಡಿ. ವರದಿ ಇಂಗ್ಲಿಷಿನಲ್ಲಿ ಇದ್ದೀತು; ಆ ಪುಟವನ್ನು ನಮಗೆ ಕಳುಹಿಸಿದರೆ ಕನ್ನಡಕ್ಕೆ ತಂದುಕೊಡುತ್ತೇವೆ. ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ದುರಸ್ತಿಯ ಕಾಗದ ಬರೆಯಿರಿ. ಅದರಲ್ಲಿ ‘ದಯವಿಟ್ಟು ನೆರವು ನೀಡಿ’ ಎಂಬ ಸಾಲು ಬೇಡ. ‘ನಿಮ್ಮ ಹೊಣೆಯಲ್ಲಿರುವ ನಾಲ್ಕು ಕಂಪ್ಯೂಟರುಗಳು ಕೆಟ್ಟಿವೆ’ ಎಂದೇ ಶುರುಮಾಡಿ. ಅವರಿಂದ ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ